ಹೊಸ ಹಾಕಿ ಕೋಲಿನ ಪರೀಕ್ಷೆ ಮತ್ತು ಬಾಳಿಕೆ

ಪದಾರ್ಥವೊಂದರ ಗಟ್ಟಿತನವನ್ನು ಅರಿಯಲು ಅದನ್ನು ಮುರಿದು ನೋಡುವುದಕ್ಕಿಂತ ನಿಶ್ಚಿತವಾದ ಮಾರ್ಗ ಬೇರೊಂದಿಲ್ಲ. ಆದರೆ ಹಾಗೆ ಅರಿತ ಗಟ್ಟಿತನದಿಂದ ಮುರಿದ ಪದಾರ್ಥಕ್ಕಾಗಲಿ ಅದರ ಒಡೆಯನಿಗಾಗಲಿ ಪ್ರಯೋಜನವಿಲ್ಲ. ಧ್ಯಾನ್‌ಚಂದರ ಕೋಲಿನೊಳಗೆ ಅಯಸ್ಕಾಂತ ಅಡಗಿರಬಹುದೆಂದು ಶಂಕಿಸಿ ಹಾಲೆಂಡಿನಲ್ಲಿ ಅದನ್ನು ಮುರಿದು ನೋಡಿದರೆಂಬ ದಂತಕಥೆಯೊಂದು ಹಾಕಿಪ್ರಿಯರಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಕಥೆಯಲ್ಲಿ ಪರೀಕ್ಷಕರಿಗೆ ಉತ್ತರ ದೊರೆಯಿತು. ಆಟಗಾರ ಕೋಲನ್ನು ಕಳೆದುಕೊಂಡ. ಅಂಗಡಿಯಲ್ಲಿ ನಿಂತು ಹೊಸ ಕೋಲನ್ನು ಕೈಗೆತ್ತಿಕೊಳ್ಳುವವನ ಸಂಕಟವೂ ಇದೇ ಬಗೆಯದು. ಮುರಿಯದೆ ಅದರ ಬಾಳಿಕೆಯನ್ನು ಅರಿಯುವುದು ಹೇಗೆ?

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲಸಿರುವ ಕನ್ನಡಿಗರಿಗೆ ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಹಾಕಿ ಕನ್ನಡನಾಡಿಗೂ ಮುಂಬಯಿಗೂ ಸಮಾನವಾಗಿ ಪ್ರಿಯವಾದ ಆಟ. ಕೊಡಗು ಮೂಲದವರಾಗಿ ಮುಂಬಯಿಯಲ್ಲಿ ಉದ್ಯೋಗದಲ್ಲಿದ್ದ ಎಂ. ಎಂ. ಸೋಮಯ್ಯನವರು ೧೯೮೦ರ ಮಾಸ್ಕೊ ಒಲಿಂಪಿಕ್ಸ್‌ನಲ್ಲಿ ಸ್ವರ್ಣಪದಕ ಗಳಿಸಿದ ತಂಡದಲ್ಲಿದ್ದು, ೧೯೮೮ರ ಸೋಲ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ನಾಯಕತ್ವ ವಹಿಸಿದ್ದರು. ಅಂಥ ಆಟವನ್ನು ಮಗುವೊಂದು ಕಲಿಯಬೇಕಾದರೆ ಮೊದಲು ಬೇಕಾದುದು ಕೋಲು. ಮಧ್ಯಮವರ್ಗದ ಮನೆಯವರು ಲೆಕ್ಕಹಾಕಿ ಕೊಂಡ ಕೋಲು ಒಂದು ಋತು ಮುಗಿಯುವುದರೊಳಗೆ ಸೀಳಿಹೋದರೆ ಎರಡನೆಯದು ಬರುವುದು ಸುಲಭವಲ್ಲ; ಹಲವೊಮ್ಮೆ ಕೋಲಿನೊಡನೆ ಆಟವೂ ಅಲ್ಲಿಗೇ ನಿಲ್ಲುತ್ತದೆ. ಆದುದರಿಂದ ಕೋಲಿನ ಬಾಳಿಕೆಯ ವಿಚಾರ ಆಟದ ಬಾಳಿಕೆಯ ವಿಚಾರವೂ ಆಗುತ್ತದೆ.

ಹಿಪ್ಪುನೇರಳೆಯ ಎರಡು ಬಾಳು

ಭಾರತದಲ್ಲಿ ಹಾಕಿ ಕೋಲಿಗೆ ಪರಂಪರೆಯಿಂದ ಒದಗಿಬಂದ ಮರ ಹಿಪ್ಪುನೇರಳೆ. ಮರಾಠಿಯಲ್ಲಿ ಇದನ್ನು ‘ತುತಿ’ ಎಂದೂ ಪಂಜಾಬಿನಲ್ಲಿ ‘ತೂತ್’ ಎಂದೂ ಕರೆಯುತ್ತಾರೆ. ಮೈಸೂರು ಸೀಮೆಯವರಿಗೆ ಈ ಹೆಸರನ್ನು ಕೇಳಿದೊಡನೆ ನೆನಪಾಗುವುದು ರೇಷ್ಮೆ. ಟಿಪ್ಪುಸುಲ್ತಾನನ ಕಾಲದಿಂದ ಬೆಳೆದುಬಂದ ಆ ಉದ್ಯಮದಲ್ಲಿ ಎಲೆಯೇ ಮುಖ್ಯ; ಆದುದರಿಂದ ಗಿಡವನ್ನು ವರ್ಷಕ್ಕೆ ಹಲವು ಸಲ ಕತ್ತರಿಸಿ ಪೊದೆಯಾಗಿಯೇ ಇರಿಸುವುದು ವಾಡಿಕೆ. ಅದು ಬೊಡ್ಡೆ ಕಟ್ಟುವುದಕ್ಕೆ ಅವಕಾಶವೇ ಇಲ್ಲ. ಪಂಜಾಬಿನಲ್ಲಾದರೋ ಅದೇ ಜಾತಿಯ ಸಸ್ಯ ಕಾಲುವೆಗಳ ದಡದಲ್ಲಿ, ರಸ್ತೆಯ ಬದಿಯಲ್ಲಿ ಮರವಾಗಿ ಬೆಳೆಯಿತು. ಲಾಹೋರಿನ ಸಮೀಪದ ಛಾಂಗಾ ಮಾಂಗಾ ಎಂಬ ನೆಡುತೋಪನ್ನು ೧೯ನೆಯ ಶತಮಾನದಲ್ಲಿ ರೈಲು ಎಂಜಿನ್ನುಗಳಿಗೆ ಸೌದೆ ಒದಗಿಸಲೆಂದು ಬೆಳೆಸಲಾಯಿತು. ಮುಂದೆ ಅಲ್ಲಿಯ ಹಿಪ್ಪುನೇರಳೆ ಆಟದ ಸಾಮಗ್ರಿಗೆ ಒದಗಿತು. ದಕ್ಷಿಣದಲ್ಲಿ ಎಲೆಯಾಗಿ ಹುಳುವಿಗೆ ಆಹಾರವಾದುದು ಉತ್ತರದಲ್ಲಿ ದಿಮ್ಮಿಯಾಗಿ ಆಟಗಾರನ ಕೈಸೇರಿತು.

ಆ ಮರವನ್ನು ಕೋಲಾಗಿಸುವ ವಿದ್ಯೆಗೆ ಸಿಯಾಲ್‌ಕೋಟೆ ತವರು. ೧೯೪೭ರ ದೇಶವಿಭಜನೆಯಲ್ಲಿ ಅಲ್ಲಿಂದ ಹೊರಟ ಕುಶಲಕರ್ಮಿಗಳು ಜಾಲಂಧರಿನಲ್ಲಿಯೂ ಮೀರತ್ತಿನಲ್ಲಿಯೂ ನೆಲೆಯೂರಿ ಕಸುಬನ್ನು ಹೊಸದಾಗಿ ಕಟ್ಟಿದರು. ಹುಟ್ಟೂರನ್ನು ಬಿಟ್ಟು ಬಂದವರು ಬದುಕಿನೊಡನೆ ವಿದ್ಯೆಯನ್ನೂ ಹೊತ್ತು ತರುತ್ತಾರೆಂಬುದಕ್ಕೆ ಇದೊಂದು ನಿದರ್ಶನ.

ಹಿಪ್ಪುನೇರಳೆಯ ಆಯ್ಕೆಗೆ ಕಾರಣಗಳು ಸ್ಪಷ್ಟವಾಗಿವೆ. ಅದರ ನಾರು ನೀಳವಾದುದು. ಪೆಟ್ಟನ್ನು ನುಂಗಿಕೊಳ್ಳುವ ಶಕ್ತಿ ಅದಕ್ಕೆ ಹೆಚ್ಚು. ಬಿಸಿನೀರಿನಲ್ಲಿ ಇಲ್ಲವೆ ಹಬೆಯಲ್ಲಿ ಮೆತ್ತಗಾಗಿಸಿದರೆ ಅದು ಸೀಳದೆ ಬಾಗುತ್ತದೆ. ಬಾಗಿಸಿದ ಹಲಗೆಯನ್ನು ಅಚ್ಚಿಗೆ ಬಿಗಿದು ಒಣಗಿಸಿದಾಗ ಕೋಲಿನ ತಲೆ ಸಿದ್ಧವಾಗುವುದು. ಹಿಡಿಯ ಭಾಗ ಬೆತ್ತದ್ದು. ಬೆತ್ತದ ಸೀಳುಗಳ ನಡುವೆ ರಬ್ಬರಿನ ಪಟ್ಟಿಯನ್ನಿರಿಸಿ ಅಂಟಿಸಿ, ಅದನ್ನು ಬೆಣೆಯ ಆಕಾರದಲ್ಲಿ ಕೆತ್ತಿ, ತಲೆಯ ಮೇಲ್ಭಾಗದಲ್ಲಿ ಕೊರೆದ ಕಚ್ಚಿಗೆ ಕೂರಿಸುತ್ತಾರೆ. ಚೆಂಡಿನ ಪೆಟ್ಟು ಅಂಗೈಗೆ ನೇರವಾಗಿ ತಾಗದಂತೆ ತಡೆಯುವುದು ಈ ಬೆತ್ತ ಮತ್ತು ರಬ್ಬರುಗಳ ಕೆಲಸ. ಹೀಗೆ ಮರದ ಕೋಲಿನಲ್ಲಿ ಪರೀಕ್ಷಿಸಬೇಕಾದ ಸ್ಥಾನಗಳು ಮೂರು: ಬಾಗಿದ ತಲೆ, ಹಿಡಿ, ಎರಡನ್ನೂ ಕೂಡಿಸುವ ಸಂಧಿ.

ಮರ ಮತ್ತು ಕಡಲ ತೀರದ ಗಾಳಿ

ಮರ ತನ್ನ ಸುತ್ತಲಿನ ಗಾಳಿಯೊಡನೆ ಸದಾ ನೀರಿನ ಲೇವಾದೇವಿ ನಡೆಸುತ್ತಿರುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ ೩೦ರ ಸುಮಾರಿಗಿದ್ದರೆ ಮರದೊಳಗಿನ ನೀರು ಅದರ ಒಣತೂಕದ ಶೇಕಡಾ ೬ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಗಾಳಿಯ ತೇವಾಂಶ ಶೇಕಡಾ ೮೦ನ್ನು ಮುಟ್ಟಿದರೆ ಮರದ ನೀರು ಶೇಕಡಾ ೧೬ರಷ್ಟಕ್ಕೆ ಏರುತ್ತದೆ. ಜಾಲಂಧರಿನ ಒಣ ಬೇಸಗೆಯಲ್ಲಿ ಸಿದ್ಧವಾದ ಕೋಲು ಆಷಾಢದ ಮಳೆಯಲ್ಲಿ ಡೊಂಬಿವಲಿಗೆ ಬಂದರೆ ಆಗುವುದೇನೆಂಬುದನ್ನು ಇದರಿಂದಲೇ ಊಹಿಸಬಹುದು. ಒಣತೂಕ ೫೦೦ ಗ್ರಾಂ ಇರುವ ಮರವು ಶೇಕಡಾ ೬ರಿಂದ ೧೬ಕ್ಕೆ ಏರಿದರೆ ೫೦ ಗ್ರಾಂ ನೀರನ್ನು ಕುಡಿದಂತಾಯಿತು. ಮೇಲೆ ಹಚ್ಚಿದ ಮೆರುಗೆಣ್ಣೆ ಈ ಗತಿಯನ್ನು ನಿಧಾನಗೊಳಿಸುವುದೇ ಹೊರತು ತಡೆಯುವುದಿಲ್ಲ.

ನೀರನ್ನು ಹೀರಿದ ಮರ ನಾರಿನ ಉದ್ದಕ್ಕೆ ಹೆಚ್ಚಾಗಿ ಬೆಳೆಯದೆ ಅಡ್ಡಕ್ಕೆ ಉಬ್ಬುತ್ತದೆ. ತಲೆಯ ಮರ ಮತ್ತು ಹಿಡಿಯ ಬೆತ್ತ ಒಂದೇ ಪ್ರಮಾಣದಲ್ಲಿ ಉಬ್ಬದಿರುವುದರಿಂದ ಅವುಗಳ ನಡುವಣ ಸಂಧಿಯ ಮೇಲೆ ಎಳೆತ ಬೀಳುವುದು. ಪ್ರಾಣಿಗಳ ಚರ್ಮ ಮೂಳೆಗಳನ್ನು ಕಾಯಿಸಿ ತೆಗೆದ ಹಳೆಯ ಸರೇಸು ತೇವಕ್ಕೆ ಮೆತ್ತಗಾಗುವ ವಸ್ತು. ಅದರಿಂದ ಅಂಟಿಸಿದ ಕೋಲುಗಳು ಮಳೆಗಾಲದಲ್ಲಿ ಕಚ್ಚಿನ ಬಳಿ ಸಡಿಲಗೊಳ್ಳುತ್ತಿದ್ದುದು ಸಹಜವೇ. ಕೃತಕ ಅಂಟುಗಳು ಬಂದಮೇಲೆ ಈ ದೋಷ ಬಹಳ ಕಡಿಮೆಯಾಯಿತು. ಆದರೆ ತೇವವೇರಿದ ಮರ ಮೆದುವಾಗುವುದು, ಮತ್ತೆ ಚಳಿಗಾಲದಲ್ಲಿ ಒಣಗುವಾಗ ಅಂಚುಗಳಲ್ಲಿ ಕೂದಲೆಳೆಯ ಬಿರುಕು ಬಿಡುವುದು, ಇವು ಅಂಟಿನ ಬದಲಾವಣೆಯಿಂದ ನಿವಾರಣೆಯಾಗತಕ್ಕ ದೋಷಗಳಲ್ಲ.

ಇಷ್ಟಾದರೂ ಮರದ ಕೋಲಿಗೆ ಒಂದು ದೊಡ್ಡ ಗುಣವಿತ್ತು. ಅದರ ಒಳಗು ಹೊರಗಿನಿಂದಲೇ ಓದಲು ಬರುತ್ತಿತ್ತು. ನಾರಿನ ಗೆರೆಗಳು ತಲೆಯ ಬಾಗನ್ನು ಅನುಸರಿಸಿ ಕೊನೆಯವರೆಗೆ ಹರಿದಿದ್ದರೆ ಕೋಲು ಗಟ್ಟಿ. ಗೆರೆಗಳು ಮಧ್ಯದಲ್ಲಿಯೇ ಅಂಚಿಗೆ ಬಂದು ಮುಗಿದಿದ್ದರೆ ಆ ಸ್ಥಳದಲ್ಲಿಯೇ ಅದು ಸೀಳುವುದು ನಿಶ್ಚಯ. ಗಂಟು ಇರುವ ಹಲಗೆ ತ್ಯಾಜ್ಯ. ಗಟ್ಟಿ ನೆಲಕ್ಕೆ ಮೆಲ್ಲನೆ ತಟ್ಟಿದರೆ ಒಳ್ಳೆಯ ಕೋಲು ಖಣಿಲೆನ್ನುತ್ತದೆ. ಸಂಧಿ ಬಿಟ್ಟ ಕೋಲಿನ ದನಿ ಒಡಕು. ಮರ ಮುರಿಯುವುದಕ್ಕೆ ಮುಂಚೆ ನಾರೆದ್ದು ಎಚ್ಚರಿಕೆಯನ್ನೂ ಕೊಡುತ್ತಿತ್ತು. ಆಗ ಅಂಟು ಸವರಿ, ದಾರ ಸುತ್ತಿ, ಅದರ ಆಯುಷ್ಯವನ್ನು ಕೆಲವು ತಿಂಗಳು ಲಂಬಿಸಬಹುದಾಗಿತ್ತು.

ನಾರು ಮತ್ತು ರಾಳ

೧೯೭೬ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ಆಡಿಸಲಾಯಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಕ್ವಾಲಾಲಂಪುರದಲ್ಲಿ ವಿಶ್ವಕಪ್ಪನ್ನು ಗೆದ್ದಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು. ಆ ನೆಲ ಆಟದ ರೀತಿಯನ್ನಷ್ಟೇ ಅಲ್ಲ, ಕೋಲನ್ನೂ ಬದಲಿಸಿತು. ಸಮತಟ್ಟಾದ ನೆಲದ ಮೇಲೆ ಚೆಂಡನ್ನು ಅಡ್ಡಹಿಡಿದ ಕೋಲಿನಿಂದ ತಡೆಯಲು ಅನುಕೂಲವಾಗುವಂತೆ ತಲೆ ಹೆಚ್ಚು ಬಾಗಿ ಕೊಕ್ಕೆಯ ಆಕಾರ ತಾಳಿತು. ಒಂದೇ ಹಲಗೆಯನ್ನು ಅಷ್ಟು ಬಿಗಿಯಾಗಿ ಬಾಗಿಸುವುದು ಕಷ್ಟವಾದುದರಿಂದ ತೆಳ್ಳನೆಯ ಪದರಗಳನ್ನು ಅಂಟಿಸಿ ತಲೆಯನ್ನು ಮಾಡುವ ಪದ್ಧತಿ ಬಂದಿತು. ತಲೆ ಮರದ್ದೇ ಆಗಿರಬೇಕೆಂಬ ನಿಯಮ ೨೦ನೆಯ ಶತಮಾನದ ಕೊನೆಯ ದಶಕಗಳವರೆಗೂ ಇದ್ದು, ಅದು ಸಡಿಲಗೊಂಡ ಮೇಲೆ ಮರವೇ ಹಿಂದೆ ಸರಿಯಿತು. ಇಂದು ಮೇಲ್ಮಟ್ಟದ ಆಟದಲ್ಲಿ ಕಾಣುವುದು ನಾರು ಮತ್ತು ರಾಳಗಳಿಂದಾದ ಸಂಯುಕ್ತ ಕೋಲು.

ಈ ಸಂಯುಕ್ತ ಪದಾರ್ಥ ಠಾಣೆ-ಬೇಲಾಪುರ ಔದ್ಯೋಗಿಕ ಪಟ್ಟಿಯಲ್ಲಿ ದುಡಿದ ಕನ್ನಡಿಗರಿಗೆ ಅಪರಿಚಿತವೇನಲ್ಲ. ನವಿ ಮುಂಬಯಿಗೆ ಹೊಂದಿದ ತಳೋಜದಲ್ಲಿ ಗಾಜಿನ ನಾರನ್ನು ತಯಾರಿಸುವ ಕಾರ್ಖಾನೆಯೇ ಇದೆ. ಗಾಜಿನ, ಕಾರ್ಬನ್ನಿನ, ಅರಾಮಿಡ್ಡಿನ ನಾರುಗಳನ್ನು ಎಪಾಕ್ಸಿ ರಾಳದಲ್ಲಿ ತೊಯ್ಸಿ, ಪದರದ ಮೇಲೆ ಪದರವಾಗಿ ಅಚ್ಚಿನಲ್ಲಿಟ್ಟು, ಒಳಗಿನಿಂದ ಒತ್ತಡ ಕೊಟ್ಟು ಕಾಯಿಸಿದರೆ ಟೊಳ್ಳಾದ ಗಟ್ಟಿ ಕೋಲು ದೊರೆಯುತ್ತದೆ. ಭಾರವನ್ನು ಹೊರುವುದು ನಾರು. ನಾರುಗಳನ್ನು ಒಟ್ಟಿಗೆ ಹಿಡಿದು ಭಾರವನ್ನು ಹಂಚುವುದು ರಾಳ. ಕಾರ್ಬನ್ ಬಿರುಸಾದುದು, ಹಗುರವಾದುದು. ಅದು ಹೆಚ್ಚಿದಷ್ಟೂ ಹೊಡೆತಕ್ಕೆ ಬಲ ಬರುವುದು. ಆದರೆ ಅಂಚಿಗೆ ಬಿದ್ದ ಒರಟು ಪೆಟ್ಟನ್ನು ಅದು ಸಹಿಸದು. ಗಾಜಿನ ನಾರು ಅಷ್ಟು ಬಿರುಸಲ್ಲ, ಹೆಚ್ಚು ತಾಳಿಕೆಯುಳ್ಳದ್ದು. ಅರಾಮಿಡ್ ಕಂಪನವನ್ನು ತಗ್ಗಿಸಿ ಪೆಟ್ಟನ್ನು ತಡೆಯುವುದು. ಕೋಲಿನ ಮೇಲೆ ದೊಡ್ಡದಾಗಿ ಅಚ್ಚು ಮಾಡಿದ ಕಾರ್ಬನ್ನಿನ ಶೇಕಡಾವಾರು ಅಂಕೆ ಬಿರುಸನ್ನು ಸೂಚಿಸುವುದೇ ಹೊರತು ಬಾಳಿಕೆಯನ್ನಲ್ಲ. ಹೆಚ್ಚಿನ ಅಂಕೆಯೇ ಹೆಚ್ಚಿನ ಆಯುಷ್ಯವೆಂದು ನಂಬಿ ಕಲಿಯುವ ಮಗುವಿಗೆ ಅಂಥ ಕೋಲನ್ನು ಕೊಡಿಸುವವರು ಹಣವನ್ನು ಹೆಚ್ಚು ತೆತ್ತು ಬಾಳಿಕೆಯನ್ನು ಕಡಿಮೆ ಮಾಡಿಕೊಳ್ಳುವ ಸಂಭವವಿದೆ.

ತೇವ ಈ ಕೋಲಿಗೆ ಮರಕ್ಕಾದಷ್ಟು ಶತ್ರುವಲ್ಲ. ಅದರ ದೋಷ ಬೇರೆ. ಪೆಟ್ಟು ಬಿದ್ದಾಗ ಹೊರಮೈ ಅಕ್ಷತವಾಗಿ ಕಂಡರೂ ಒಳಗೆ ಪದರ ಪದರದಿಂದ ಬಿಟ್ಟುಕೊಂಡಿರಬಹುದು. ಮುಂದಿನ ಪ್ರತಿಯೊಂದು ಹೊಡೆತವೂ ಆ ಬಿಡುವನ್ನು ಕೊಂಚ ಕೊಂಚವಾಗಿ ಹಿಗ್ಗಿಸುತ್ತದೆ. ಕೊನೆಗೆ ಸಾಧಾರಣವಾದ ಒಂದು ಹೊಡೆತಕ್ಕೆ ಕೋಲು ಮುರಿದಾಗ ನೋಡಿದವರು ಆ ಹೊಡೆತವನ್ನೇ ದೂರುತ್ತಾರೆ. ನಿಜವಾದ ಕಾರಣ ಎಷ್ಟೋ ದಿನಗಳ ಹಿಂದಿನ ಇನ್ನೊಂದು ಪೆಟ್ಟಾಗಿರುತ್ತದೆ.

ನಿಯಮದ ಪರೀಕ್ಷೆ ಹೇಳುವುದೇನು?

ಅಂತಾರಾಷ್ಟ್ರೀಯ ಹಾಕಿ ಫೆಡರೇಷನ್ನಿನ ನಿಯಮಗಳು ಕೋಲಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟಾಗಿವೆ. ತೂಕ ೭೩೭ ಗ್ರಾಂ ಮೀರಬಾರದು. ಉದ್ದ ೧೦೫ ಸೆಂಟಿಮೀಟರನ್ನು ಮೀರಬಾರದು. ಸುತ್ತಿದ ಪಟ್ಟಿಗಳೂ ಸೇರಿ ಕೋಲು ೫೧ ಮಿಲಿಮೀಟರು ಒಳವ್ಯಾಸವುಳ್ಳ ಬಳೆಯಲ್ಲಿ ತೂರಿ ಹೋಗಬೇಕು. ಉದ್ದಕ್ಕೂ ಇರುವ ಬಿಲ್ಲಿನಂಥ ಬಾಗು ೨೫ ಮಿಲಿಮೀಟರಿಗೆ ಮಿಕ್ಕಬಾರದು. ಲೋಹ ಇರಕೂಡದು. ಅಂಚುಗಳು ನಯವಾಗಿರಬೇಕು. ಇವೆಲ್ಲಕ್ಕಿಂತ ಸ್ವಾರಸ್ಯವಾದುದು ವೇಗದ ನಿಯಮ: ಗೊತ್ತುಪಡಿಸಿದ ಪರೀಕ್ಷೆಯಲ್ಲಿ ಚೆಂಡಿನ ವೇಗ ಕೋಲಿನ ತಲೆಯ ವೇಗದ ಶೇಕಡಾ ೯೮ನ್ನು ದಾಟಬಾರದು. ಎಂದರೆ ತಲೆ ಗಂಟೆಗೆ ೧೦೦ ಕಿಲೋಮೀಟರು ವೇಗದಲ್ಲಿ ಬೀಸಿ ಬಂದರೆ ಚೆಂಡು ೯೮ಕ್ಕಿಂತ ಹೆಚ್ಚಿನ ವೇಗದಲ್ಲಿ ಚಿಮ್ಮಕೂಡದು.

ಈ ಅಂಕೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಅಂಶ ಗೋಚರವಾಗುತ್ತದೆ. ಇವೆಲ್ಲವೂ ಮೇಲಿನ ಮಿತಿಗಳು. ಕೋಲು ಇಷ್ಟಕ್ಕಿಂತ ಭಾರವಾಗಬಾರದು, ಉದ್ದವಾಗಬಾರದು, ಬಲವಾಗಿ ಹೊಡೆಯಬಾರದು ಎಂದು ನಿಯಮ ಹೇಳುತ್ತದೆ. ಇಷ್ಟು ಹೊಡೆತಗಳನ್ನಾದರೂ ತಾಳಬೇಕೆಂದು ಹೇಳುವುದಿಲ್ಲ. ನಿಯಮದ ದೃಷ್ಟಿ ಎದುರಾಳಿಯ ಸುರಕ್ಷತೆಯ ಮೇಲೆ, ಆಟದ ಸಮತೆಯ ಮೇಲೆ. ಕೊಳ್ಳುವವನ ಜೇಬು ಅದರ ವ್ಯಾಪ್ತಿಗೆ ಸೇರಿದ್ದಲ್ಲ. ನಿಯಮಬದ್ಧವಾದ ಕೋಲೆಂಬ ಮುದ್ರೆಯನ್ನು ಬಾಳಿಕೆಯ ಭರವಸೆಯೆಂದು ತಿಳಿಯುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು.

ಬಾಳಿಕೆಯ ಪರೀಕ್ಷೆಯನ್ನು ತಯಾರಕರು ತಮ್ಮ ಪ್ರಯೋಗಶಾಲೆಗಳಲ್ಲಿ ಮಾಡಿಕೊಳ್ಳಬೇಕು. ಅಂಥ ಪರೀಕ್ಷೆಯ ಸ್ವರೂಪ ಸ್ಥೂಲವಾಗಿ ಮೂರು ಬಗೆ. ಎರಡು ಆಧಾರಗಳ ಮೇಲೆ ಕೋಲನ್ನಿಟ್ಟು ನಡುವೆ ಭಾರ ಹೇರಿ ಅದು ಎಷ್ಟು ಬಾಗುತ್ತದೆ, ಎಷ್ಟಕ್ಕೆ ಮುರಿಯುತ್ತದೆ ಎಂದು ಅಳೆಯುವುದು ಮೊದಲನೆಯದು. ಲೋಲಕದಿಂದ ಒಂದೇ ಪೆಟ್ಟು ಕೊಟ್ಟು ಅದು ನುಂಗುವ ಶಕ್ತಿಯನ್ನು ಅಳೆಯುವುದು ಎರಡನೆಯದು. ಮುರಿಯುವಷ್ಟಿಲ್ಲದ ಪೆಟ್ಟನ್ನು ಸಾವಿರಾರು ಬಾರಿ ಕೊಟ್ಟು ಪದಾರ್ಥ ದಣಿಯುವ ಗತಿಯನ್ನು ಗುರುತಿಸುವುದು ಮೂರನೆಯದು. ಬಾಳಿಕೆಗೆ ಹೆಚ್ಚು ಹತ್ತಿರವಾದುದು ಈ ಮೂರನೆಯ ಬಗೆ. ಅದರ ಮಹತ್ವವನ್ನು ತಿಳಿಯಲು ಸಣ್ಣ ಲೆಕ್ಕವೊಂದು ಸಾಕು. ನಿಂತಿರುವ ೧೬೦ ಗ್ರಾಂ ಚೆಂಡನ್ನು ಸೆಕೆಂಡಿಗೆ ೩೦ ಮೀಟರು ವೇಗಕ್ಕೆ ಏರಿಸಿದಾಗ ಕೋಲು-ಚೆಂಡುಗಳ ಸ್ಪರ್ಶ ಸೆಕೆಂಡಿನ ಸಾವಿರದಲ್ಲಿ ಒಂದೂವರೆ ಭಾಗ ಮಾತ್ರ ಇತ್ತೆಂದು ಭಾವಿಸಿದರೆ, ಆ ಕ್ಷಣದಲ್ಲಿ ತಲೆಯ ಮೇಲೆ ಬೀಳುವ ಸರಾಸರಿ ಬಲ ೩,೨೦೦ ನ್ಯೂಟನ್. ಎಂದರೆ ೩೦೦ ಕಿಲೋಗ್ರಾಂಗೂ ಮೀರಿದ ಭಾರ ಅಲ್ಲಿ ಕೂತಂತೆ. ಒಂದು ಸಂಜೆಯ ಅಭ್ಯಾಸದಲ್ಲಿ ಇಂಥ ಹೊಡೆತಗಳು ಎಷ್ಟೋ ಆಗುತ್ತವೆ.

ಮುರಿದು ನೋಡುವ ಪರೀಕ್ಷೆಗೆ ಒಂದು ಮಿತಿಯೂ ಉಂಟು. ಅದು ಮುರಿದ ಮಾದರಿಯ ಗುಣವನ್ನು ಹೇಳುತ್ತದೆ. ಮಾರಾಟಕ್ಕೆ ಬಂದ ಕೋಲಿಗೆ ಆ ಗುಣವನ್ನು ಆರೋಪಿಸಬೇಕಾದರೆ ಎರಡೂ ಒಂದೇ ರೀತಿಯಲ್ಲಿ ತಯಾರಾಗಿರಬೇಕು. ಮರಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಸಂಯುಕ್ತ ಕೋಲುಗಳು ಒಂದೇ ಅಚ್ಚಿನವಾದುದರಿಂದ ಈ ವಿಷಯದಲ್ಲಿ ಮೇಲು. ಆದರೂ ಒಂದೆಡೆ ರಾಳ ತೆಳುವಾದರೆ, ಗಾಳಿಗುಳ್ಳೆ ಉಳಿದರೆ, ಆ ದೋಷ ಬಣ್ಣದ ಕೆಳಗೆ ಮರೆಯಾಗುತ್ತದೆ.

ಕೊಳ್ಳುವವನ ಪರೀಕ್ಷೆ

ಹೀಗಿದ್ದರೂ ಕೊಳ್ಳುವವನು ಪೂರ್ಣವಾಗಿ ಅಸಹಾಯಕನಲ್ಲ. ವಿಮಾನದ ಸಂಯುಕ್ತ ಭಾಗಗಳನ್ನು ನಾಣ್ಯದಿಂದ ತಟ್ಟಿ ನೋಡುವ ಕ್ರಮವೊಂದುಂಟು. ಅದೇ ಕ್ರಮವನ್ನು ಕೋಲಿಗೂ ಅನ್ವಯಿಸಬಹುದು. ತಲೆಯಿಂದ ಹಿಡಿಯವರೆಗೆ ಅಂಗುಲ ಅಂಗುಲಕ್ಕೆ ನಾಣ್ಯದಿಂದ ತಟ್ಟುತ್ತ ಹೋದರೆ ಗಟ್ಟಿಯಾದ ಭಾಗ ಸ್ಪಷ್ಟವಾದ ದನಿ ಕೊಡುತ್ತದೆ. ಪದರ ಬಿಟ್ಟಲ್ಲಿ ದನಿ ಮಂಕಾಗುವುದು. ತಲೆ ಘನ, ಹಿಡಿ ಟೊಳ್ಳು ಆಗಿರುವುದರಿಂದ ದನಿ ಕ್ರಮವಾಗಿ ಬದಲಾಗುವುದು ಸಹಜ. ಥಟ್ಟನೆ ಬದಲಾದ ಸ್ಥಳವನ್ನು ಸಂಶಯಿಸಬೇಕು. ಸಮತಟ್ಟಾದ ಮೇಜಿನ ಮೇಲೆ ಕೋಲನ್ನು ಮುಖ ಕೆಳಗಾಗಿ ಇಟ್ಟರೆ ಬಾಗು ಅಳತೆಗೆ ಸಿಗುತ್ತದೆ, ತಿರುಚು ಇದ್ದರೆ ಅದೂ ಕಾಣುತ್ತದೆ. ಓರೆಯಾದ ಬೆಳಕಿನಲ್ಲಿ ಹಿಡಿದರೆ ಬಣ್ಣದಡಿಯ ಗುಳ್ಳೆಗಳು ತೋರುತ್ತವೆ. ಒಂದೇ ಹೆಸರಿನ ಎರಡು ಮೂರು ಕೋಲುಗಳನ್ನು ತೂಗಿದಾಗ ಒಂದು ಮಾತ್ರ ಬಹಳ ಹಗುರವಾಗಿದ್ದರೆ ಅದನ್ನು ಬಿಡುವುದು ಲೇಸು.

ಇವುಗಳಿಗಿಂತ ಮುಖ್ಯವಾದುದು ನೆಲದ ವಿಚಾರ. ಬೆಲೆಬಾಳುವ ಸಂಯುಕ್ತ ಕೋಲನ್ನು ನಿರ್ಮಿಸಿದವರ ಮನಸ್ಸಿನಲ್ಲಿದ್ದುದು ನೀರು ಚಿಮುಕಿಸಿದ ಕೃತಕ ಹುಲ್ಲು. ಚರ್ಚ್‌ಗೇಟಿನ ಬಳಿಯ ಮಹೀಂದ್ರ ಕ್ರೀಡಾಂಗಣದಲ್ಲಿ ಅದಕ್ಕೆ ಒಪ್ಪುವ ನೆಲವುಂಟು. ಕಲ್ಯಾಣ ಅಲ್ಲಿಂದ ೫೦ ಕಿಲೋಮೀಟರಿಗೂ ದೂರ. ಇತ್ತ ಶಾಲೆಗಳ ಮಕ್ಕಳಿಗೆ ಸಾಮಾನ್ಯವಾಗಿ ದೊರೆಯುವುದು ಮೊರಂ ಹಾಸಿದ ಮೈದಾನ. ಉತ್ತರ ಕರ್ನಾಟಕದವರು ಗರಸು ಎನ್ನುವ ಆ ಕಲ್ಲುಮಿಶ್ರಿತ ಮಣ್ಣು ಕೋಲಿನ ತಳವನ್ನು ಅರದಂತೆ ತೇಯುತ್ತದೆ. ಬಣ್ಣ ಹೋಗಿ ರಾಳ ಸವೆದ ಮೇಲೆ ನಾರು ಒಂದೊಂದಾಗಿ ಕತ್ತರಿಸಿಹೋಗುವುದು. ಅಂಥ ನೆಲದಲ್ಲಿ ಕಲಿಯುವ ಮಗುವಿಗೆ ಗಾಜಿನ ನಾರು ಹೆಚ್ಚಾಗಿರುವ, ಕಾರ್ಬನ್ ಕಡಿಮೆ ಇರುವ ಕೋಲು, ಇಲ್ಲವೆ ನಾರಿನ ಗೆರೆ ನೋಡಿ ಆರಿಸಿದ ಮರದ ಕೋಲೇ ಉಚಿತ. ತಳಕ್ಕೆ ಪಟ್ಟಿ ಸುತ್ತುವುದು, ಮರದ ಕೋಲಿಗೆ ಮಳೆಗಾಲಕ್ಕೆ ಮುಂಚೆ ಅಗಸೆ ಎಣ್ಣೆ ಸವರುವುದು, ನೆನೆದ ಕೋಲನ್ನು ಬಿಸಿಲಿಗೆ ಒಡ್ಡದೆ ನೆರಳಿನ ಗಾಳಿಯಲ್ಲಿ ಆರಿಸುವುದು, ಸಂಯುಕ್ತ ಕೋಲನ್ನು ಬಿಸಿಲಲ್ಲಿ ನಿಂತ ಮೋಟಾರಿನೊಳಗೆ ಬಿಡದಿರುವುದು, ಇವು ಖರ್ಚಿಲ್ಲದ ಉಪಾಯಗಳು. ನಾರು ಸಿಬಿರೆದ್ದ ಸಂಯುಕ್ತ ಕೋಲನ್ನು ಮಾತ್ರ ಬಳಸಕೂಡದು. ಅದರ ಸಿಬಿರು ಚರ್ಮದೊಳಗೆ ಹೊಕ್ಕರೆ ತೆಗೆಯುವುದು ಪ್ರಯಾಸಕರ.

ಬಾಳಿಕೆ ಕೋಲಿನಲ್ಲಿ ಮಾತ್ರ ಇರುವ ಗುಣವಲ್ಲವೆಂಬುದು ಈ ವಿವೇಚನೆಯಿಂದ ಹೊರಡುವ ತಾತ್ಪರ್ಯ. ಕೋಲು, ನೆಲ, ಹವೆ, ಆಟಗಾರನ ವಯಸ್ಸು ಇವು ಕೂಡಿದಾಗ ಅದು ನಿರ್ಧಾರವಾಗುತ್ತದೆ. ದೂರದ ಪ್ರಯೋಗಶಾಲೆ ಠಾಣೆಯ ಮಳೆಯನ್ನಾಗಲಿ ಕಲ್ಯಾಣದ ಮೊರಂ ಮಣ್ಣನ್ನಾಗಲಿ ಅಳೆದಿರಲಾರದು. ಆ ಜ್ಞಾನವನ್ನು ಬಳಸುವವರೇ ಕೂಡಿಹಾಕಬೇಕು. ಮಕ್ಕಳಿಗೆ ಆಟದ ಸಾಮಗ್ರಿ ಕೊಡಿಸುವ ಶಾಲೆಗಳೂ ಸಂಘಗಳೂ ಪ್ರತಿಯೊಂದು ಕೋಲಿಗೂ ಒಂದು ಅಂಕೆ ಕೊಟ್ಟು, ಕೊಂಡ ದಿನ, ತೂಕ, ಪದಾರ್ಥ, ಆಡಿದ ನೆಲ, ಆಡಿದ ದಿನಗಳು, ಮುರಿದ ಸ್ಥಳ ಇಷ್ಟನ್ನು ಒಂದು ವಹಿಯಲ್ಲಿ ಬರೆದಿಡುವುದು ಕಷ್ಟದ ಕೆಲಸವಲ್ಲ. ಕೊಡಗಿನಲ್ಲಿ ೧೯೯೭ರಲ್ಲಿ ೬೦ ತಂಡಗಳಿಂದ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಈಚಿನ ವರ್ಷಗಳಲ್ಲಿ ತಂಡಗಳ ಸಂಖ್ಯೆ ೩೦೦ನ್ನು ದಾಟಿದೆ. ಅಂಥ ಕಡೆ ಒಂದೇ ಋತುವಿನಲ್ಲಿ ದೊರೆಯಬಹುದಾದ ಮಾಹಿತಿ ಅಪಾರ. ಡೊಂಬಿವಲಿಯ ಒಂದು ಶಾಲೆಯ ವಹಿಯಲ್ಲಿ ಮೂರು ಮಳೆಗಾಲಗಳ ಲೆಕ್ಕ ಸೇರಿದರೂ, ಮುಂದಿನ ವರ್ಷ ಕೋಲು ಕೊಳ್ಳುವ ಮನೆಯವರಿಗೆ ಅಂಗಡಿಯವನ ಮಾತಿಗಿಂತಲೂ ಕೋಲಿನ ಮೇಲಣ ಅಂಕೆಗಿಂತಲೂ ಹೆಚ್ಚು ನಂಬಬಹುದಾದ ಆಧಾರವೊಂದು ಸಿಕ್ಕಂತಾಗುವುದು.